ಬೆಂಗಳೂರಿನಿಂದ ಪುತ್ತೂರಿಗೆ ಮನೆ ಬದಲಿಸುತ್ತಿದ್ದೇವೆ: ಇಬ್ಬರು ಚಿಕ್ಕ ಮಕ್ಕಳು, ಒಂದು ನಾಯಿ, ಒಂದು ಬೆಕ್ಕು. ಅನುಭವಸ್ಥರ ಸಲಹೆ ಬೇಕು

ತುಂಬಿದ ಮನೆ | ಏಪ್ರಿಲ್ 14

ಎಲ್ಲರಿಗೂ ನಮಸ್ಕಾರ. ಮೇ ತಿಂಗಳ ಮೂರನೆಯ ವಾರದಲ್ಲಿ ನಾವು ರಾಜಾಜಿನಗರದ ಬಾಡಿಗೆ ಮನೆಯನ್ನು ಖಾಲಿ ಮಾಡಿ ಪುತ್ತೂರಿಗೆ ಹೋಗುತ್ತಿದ್ದೇವೆ. ನಮ್ಮ ಯಜಮಾನರಿಗೆ ಅಲ್ಲಿ ಕೆಲಸ ಸಿಕ್ಕಿದೆ. ಪೇಟೆಯಿಂದ ನಾಲ್ಕು ಕಿಲೋಮೀಟರು ಒಳಗೆ, ಅಡಿಕೆ ತೋಟದ ಅಂಚಿನಲ್ಲಿರುವ ಹೆಂಚಿನ ಮನೆಯೊಂದನ್ನು ಗೊತ್ತು ಮಾಡಿದ್ದೇವೆ. ಮಗಳಿಗೆ ಏಳು ವರ್ಷ, ಎರಡನೆಯ ತರಗತಿ ಮುಗಿಸಿದ್ದಾಳೆ. ಮಗನಿಗೆ ಒಂದು ವರ್ಷ ಹತ್ತು ತಿಂಗಳು. ಜೊತೆಗೆ ಆರು ವರ್ಷದ ನಾಟಿ ನಾಯಿ ಕೆಂಚ, ಮತ್ತು ಎರಡನೆಯ ಮಹಡಿಯಿಂದ ಕೆಳಗೆ ಇಳಿದೇ ಗೊತ್ತಿಲ್ಲದ ಮೂರು ವರ್ಷದ ಬೆಕ್ಕು ಚಿನ್ನಿ.

ನನ್ನ ಹೆದರಿಕೆಗೆ ಕಾರಣವಿದೆ. ಮೂರು ವರ್ಷದ ಹಿಂದೆ ಶ್ರೀರಾಂಪುರದಿಂದ ಈ ಮನೆಗೆ ಬರುವಾಗ, ಸಾಮಾನು ಹೊರುವವರು ಗೇಟನ್ನು ತೆರೆದಿಟ್ಟಿದ್ದರಿಂದ ಕೆಂಚ ತಪ್ಪಿಸಿಕೊಂಡು ಹೋಗಿದ್ದ. ಮಗಳು ಬೀದಿಯಲ್ಲಿ ಕುಳಿತು ಅಳುತ್ತಿದ್ದಳು. ಕತ್ತಲಾದ ಮೇಲೆ ಹುಡುಕುತ್ತಾ ಹೋದ ನಮಗೆ ಅವನು ಸಿಕ್ಕಿದ್ದು ಹಳೆಯ ಮನೆಯ ಮುಚ್ಚಿದ ಬಾಗಿಲಿನ ಮುಂದೆ, ಕಾಲುಗಳ ನಡುವೆ ಮುಖ ಹುದುಗಿಸಿ ಮಲಗಿದ್ದ ಸ್ಥಿತಿಯಲ್ಲಿ. ಅಂದು ಎರಡು ಕಿಲೋಮೀಟರಿನ ದೂರವಿತ್ತು, ಈ ಸಲ 300 ಕಿಲೋಮೀಟರಿಗೂ ಹೆಚ್ಚು. ಮಕ್ಕಳು ಮತ್ತು ಪ್ರಾಣಿಗಳೊಂದಿಗೆ ದೂರದ ಊರಿಗೆ ಹೋಗಿ ನೆಲೆಸಿದವರು ಏನೇನು ಮಾಡಿದಿರಿ, ಏನನ್ನು ಮಾಡದೆ ಪೇಚಾಡಿದಿರಿ ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಿ.

ಏಳೂರಿನ ನೀರು | ಏಪ್ರಿಲ್ 14

ತಂಗಿ, ನಾನು 34 ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ವರ್ಗಾವಣೆಯ ಕಾರಣಕ್ಕೆ ಒಂಬತ್ತು ಸಲ ಮನೆ ಕಟ್ಟಿ ಬಿಚ್ಚಿದ್ದೇನೆ. ಅಷ್ಟೂ ಸಲದಿಂದ ನಾನು ಕಲಿತ ಮುಖ್ಯ ಸಂಗತಿ ಒಂದೇ: ಸಾಮಾನು ಹೊರಗೆ ಹೋಗುವ ಹೊತ್ತಿನಲ್ಲಿ ಬಾಗಿಲಿಗೂ ಲಾರಿಗೂ ನಡುವೆ ಮಕ್ಕಳಾಗಲಿ ಪ್ರಾಣಿಗಳಾಗಲಿ ಇರಬಾರದು. ಹಿಂದಿನ ದಿನ ಸಂಜೆಯೇ ಒಂದು ಕೋಣೆಯನ್ನು ಪೂರ್ತಿಯಾಗಿ ಖಾಲಿ ಮಾಡಿಸಿಬಿಡಿ. ಮರುದಿನ ಬೆಳಿಗ್ಗೆ ನಾಯಿಯನ್ನು ಅದರ ಚಾಪೆ ಮತ್ತು ನೀರಿನ ಬಟ್ಟಲಿನ ಸಮೇತ ಆ ಕೋಣೆಯಲ್ಲಿ ಬಿಟ್ಟು, ಹೊರಗಿನಿಂದ ಚಿಲಕ ಹಾಕಿ, ‘ಒಳಗೆ ನಾಯಿ ಇದೆ, ತೆರೆಯಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ಬೆಕ್ಕಿಗೆ ಬೇರೆಯೇ ಜಾಗ ಮಾಡಿ, ಬಚ್ಚಲುಮನೆಯಾದರೂ ಆದೀತು. ಆ ಕೋಣೆಗಳಲ್ಲಿ ಲಾರಿಗೆ ಹೋಗಬೇಕಾದ ಒಂದೇ ಒಂದು ಡಬ್ಬವೂ ಉಳಿದಿರಬಾರದು. ಉಳಿದಿದ್ದರೆ ಯಾರಾದರೊಬ್ಬರು ಬಾಗಿಲು ತೆರೆದೇ ತೆರೆಯುತ್ತಾರೆ.

ಮಕ್ಕಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಚಿಕ್ಕವನನ್ನು ಅಂದು ನಂಟರ ಮನೆಗೆ ಕಳಿಸಿ. ದೊಡ್ಡವಳನ್ನು ಕಳಿಸಬೇಡಿ. ನನ್ನ ಮಗನಿಗೆ ಆರು ವರ್ಷವಿದ್ದಾಗ ಗದಗಿನಿಂದ ಚಿಂತಾಮಣಿಗೆ ವರ್ಗವಾಯಿತು. ಅವನಿಗೆ ತೊಂದರೆಯಾಗದಿರಲೆಂದು ಮೊದಲೇ ಅಜ್ಜಿಯ ಮನೆಗೆ ಬಿಟ್ಟು, ಎಲ್ಲವನ್ನೂ ಜೋಡಿಸಿಯಾದ ಮೇಲೆ ನೇರವಾಗಿ ಹೊಸ ಮನೆಗೆ ಕರೆತಂದೆವು. ಅವನು ತಿಂಗಳುಗಟ್ಟಲೆ ಸಂಜೆಯಾದೊಡನೆ ಚಪ್ಪಲಿ ಹಾಕಿಕೊಂಡು ‘ಮನೆಗೆ ಹೋಗೋಣ’ ಎನ್ನುತ್ತಿದ್ದ. ಹಳೆಯ ಮನೆ ಖಾಲಿಯಾಗಿದ್ದನ್ನು ಅವನ ಕಣ್ಣು ನೋಡಿರಲಿಲ್ಲ, ಆದ್ದರಿಂದ ಅವನ ಪಾಲಿಗೆ ಅದು ಇನ್ನೂ ತುಂಬಿಯೇ ಇತ್ತು. ಮಗಳು ತನ್ನ ಆಟಿಕೆಗಳನ್ನು ತಾನೇ ಡಬ್ಬಕ್ಕೆ ತುಂಬಲಿ, ಮೇಲೆ ತನ್ನ ಹೆಸರನ್ನು ಬರೆಯಲಿ. ಕೊನೆಗೆ ಖಾಲಿ ಕೋಣೆಗಳನ್ನೆಲ್ಲ ಒಮ್ಮೆ ಸುತ್ತಿ ಬಂದು ನಿಮ್ಮ ಜೊತೆಯಲ್ಲೇ ಬಾಗಿಲು ಹಾಕಲಿ.

ಇನ್ನೊಂದು ಮಾತು. ಮೊದಲ ರಾತ್ರಿಗೆ ಬೇಕಾದದ್ದನ್ನು ಲಾರಿಗೆ ಹಾಕದೆ ನಿಮ್ಮೊಡನೆಯೇ ಇಟ್ಟುಕೊಳ್ಳಿ: ಹಾಲು ಕಾಯಿಸುವ ಪಾತ್ರೆ, ಮಕ್ಕಳ ಔಷಧಿ, ಟಾರ್ಚು, ಎರಡು ಜೊತೆ ಬಟ್ಟೆ, ಬೆಂಕಿಪೊಟ್ಟಣ, ನಾಯಿಯ ಬಟ್ಟಲು. ಮಕ್ಕಳ ಹೊದಿಕೆಯನ್ನೂ ನಾಯಿಯ ಚಾಪೆಯನ್ನೂ ಹೊರಡುವ ಮೊದಲು ಒಗೆಯಬೇಡಿ. ಹಳೆಯ ಮನೆಯ ವಾಸನೆ ಉಳಿಯುವುದು ಅವುಗಳಲ್ಲಿ ಮಾತ್ರ. ಲಾರಿಯವರೊಂದಿಗೆ ಬಾಡಿಗೆ, ಹಮಾಲಿ, ಟೋಲು ಎಲ್ಲ ಸೇರಿ ಎಷ್ಟೆಂಬುದನ್ನು ಮೊದಲೇ ಬರಹದಲ್ಲಿ ಪಡೆದುಕೊಳ್ಳಿ. ದಾರಿಯಲ್ಲಿ ಹೆಚ್ಚು ಹಣ ಕೇಳಿ ಸಾಮಾನನ್ನು ತಡೆದು ನಿಲ್ಲಿಸಿದ್ದು ನಮಗೆ ಒಮ್ಮೆ ಆಗಿದೆ. ಕೈಗೂಸಿನೊಂದಿಗೆ ಅದನ್ನು ಸಹಿಸುವುದು ಬಹಳ ಕಷ್ಟ.

ಬೆಕ್ಕಿನ ಬಗ್ಗೆ ಹೇಳುವುದಾದರೆ, ನಾಯಿ ಮನುಷ್ಯರನ್ನು ನಂಬುತ್ತದೆ, ಬೆಕ್ಕು ಮನೆಯನ್ನು ನಂಬುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅದನ್ನು ಅಕ್ಕಪಕ್ಕದ ಮನೆಯವರಿಗೆ ಒಪ್ಪಿಸಿ ಹೋಗುವುದೇ ಅದಕ್ಕೂ ನಿಮಗೂ ಒಳ್ಳೆಯದೆಂದು ನನಗೆ ತೋರುತ್ತದೆ.

ಬಿಳಿ ಬೆಕ್ಕು, ಮೈಸೂರು | ಏಪ್ರಿಲ್ 15

ಮೇಲಿನ ಹಿರಿಯರು ಹೇಳಿದ ಉಳಿದೆಲ್ಲವನ್ನೂ ಒಪ್ಪುತ್ತೇನೆ. ಆದರೆ ಬೆಕ್ಕನ್ನು ಬಿಟ್ಟು ಹೋಗುವ ಮಾತನ್ನು ಖಂಡಿತವಾಗಿ ಒಪ್ಪಲಾರೆ. ಬೆಕ್ಕಿಗೆ ಜಾಗದ ಅಭ್ಯಾಸ ಹೆಚ್ಚೆಂಬುದು ನಿಜ. ಆದರೆ ತಾಯಿ ಬೆಕ್ಕೇ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಏಳು ಮನೆ ಸುತ್ತಿಸುತ್ತದೆ ಎಂಬುದೂ ನಮ್ಮಲ್ಲಿನ ಮಾತೇ ಅಲ್ಲವೇ? ಮಹಡಿಯಿಂದ ಕೆಳಗಿಳಿಯದ ಬೆಕ್ಕು ಬೀದಿಯಲ್ಲಿ ಬದುಕುವುದು ಕಷ್ಟ. ಚಿನ್ನಿಯನ್ನು ಕರೆದುಕೊಂಡೇ ಹೋಗಿ, ಆದರೆ ಹೀಗೆ ಮಾಡಿ.

ಇಂದೇ ಒಂದು ಗಟ್ಟಿಯಾದ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ತಂದು, ಬಾಗಿಲು ತೆಗೆದು, ಒಳಗೆ ನಿಮ್ಮ ಹಳೆಯ ಸೀರೆಯ ತುಂಡನ್ನು ಹಾಸಿ ಮನೆಯ ಮೂಲೆಯಲ್ಲಿಡಿ. ಒಂದು ತಿಂಗಳು ಅಲ್ಲಿಯೇ ಊಟ ಹಾಕಿ. ಹೊರಡುವ ದಿನ ಮಾತ್ರ ಪೆಟ್ಟಿಗೆ ತೆಗೆದರೆ ಯಾವ ಬೆಕ್ಕೂ ಒಳಗೆ ಹೋಗುವುದಿಲ್ಲ, ನಿಮ್ಮ ಮುಂಗೈಯೆಲ್ಲ ಪರಚಿ ಗಾಯವಾಗುತ್ತದೆ. ಸಣ್ಣ ಹತ್ತಿಬಟ್ಟೆಯೊಂದನ್ನು ಅದರ ಕೆನ್ನೆಗೆ ಉಜ್ಜಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟುಕೊಳ್ಳಿ. ಹೊಸ ಮನೆಗೆ ಹೋದೊಡನೆ ಅದನ್ನು ಕೋಣೆಯ ಮೂಲೆ ಮತ್ತು ಮಂಚದ ಕಾಲುಗಳಿಗೆ ಬೆಕ್ಕಿನ ಎತ್ತರದಲ್ಲಿ ಒರೆಸಿ. ಬೆಕ್ಕು ಕೆನ್ನೆ ಉಜ್ಜಿದ ಜಾಗವನ್ನು ತನ್ನದೆಂದು ಗುರುತಿಸುತ್ತದೆ. ಅದರ ಮಲದ ತಟ್ಟೆಯ ಹಳೆಯ ಮರಳಿನಲ್ಲಿ ಎರಡು ಹಿಡಿಯನ್ನು ಹೊಸ ಮರಳಿಗೆ ಬೆರೆಸಿ. ಕನಿಷ್ಠ ಮೂರು ವಾರ ಮನೆಯ ಹೊರಗೆ ಬಿಡಬೇಡಿ, ಅದರಲ್ಲಿ ಮೊದಲ ವಾರ ಒಂದೇ ಕೋಣೆ. ಮಂಚದ ಕೆಳಗೆ ಅಡಗಿಕೊಂಡರೆ ಎಳೆಯಬೇಡಿ, ಮಕ್ಕಳಿಗೂ ಎಳೆಯಲು ಬಿಡಬೇಡಿ.

ಹಾಸನದ ಪಶುವೈದ್ಯ | ಏಪ್ರಿಲ್ 15

ವೈದ್ಯಕೀಯ ವಿಷಯಗಳನ್ನು ಮಾತ್ರ ಹೇಳುತ್ತೇನೆ. ಹುಚ್ಚುನಾಯಿ ರೋಗದ ಲಸಿಕೆ ನಾಯಿಗೂ ಬೆಕ್ಕಿಗೂ ವರ್ಷಕ್ಕೊಮ್ಮೆ ಬೇಕು, ಪುಸ್ತಕ ತೆಗೆದು ದಿನಾಂಕ ನೋಡಿ. ಕರಾವಳಿಯ ಮಳೆಗಾಲದಲ್ಲಿ ಇಲಿಜ್ವರ ಹೆಚ್ಚು. ನಾಯಿಗೆ ಅದರ ಲಸಿಕೆಯನ್ನು ಮೊದಲ ಬಾರಿ ಹಾಕಿಸುವುದಾದರೆ ಕೆಲವು ವಾರಗಳ ಅಂತರದಲ್ಲಿ ಎರಡು ಸಲ ಕೊಡಬೇಕಾಗುತ್ತದೆ. ಆದ್ದರಿಂದ ಈ ವಾರವೇ ನಿಮ್ಮ ವೈದ್ಯರನ್ನು ಕಂಡರೆ ಹೊರಡುವ ಹೊತ್ತಿಗೆ ಎರಡೂ ಮುಗಿಯುತ್ತವೆ.

ಪ್ರಯಾಣದ ದಿನ ಹೊರಡುವುದಕ್ಕೆ ನಾಲ್ಕೈದು ಗಂಟೆ ಮೊದಲು ಪ್ರಾಣಿಗಳಿಗೆ ಸ್ವಲ್ಪವೇ ಊಟ ಕೊಡಿ, ನಂತರ ನೀರು ಮಾತ್ರ. ಸಕಲೇಶಪುರ ದಾಟಿದ ಮೇಲೆ ಶಿರಾಡಿ ಘಾಟಿಯ ತಿರುವುಗಳಲ್ಲಿ ತುಂಬಿದ ಹೊಟ್ಟೆಯ ನಾಯಿಯೂ ವಾಂತಿ ಮಾಡುತ್ತದೆ, ಮಗುವೂ ವಾಂತಿ ಮಾಡುತ್ತದೆ. ನಿದ್ದೆ ಬರಿಸುವ ಮಾತ್ರೆಯನ್ನು ಅಂಗಡಿಯಿಂದ ತಂದು ನೀವೇ ಕೊಡಬೇಡಿ, ಮನುಷ್ಯರ ಮಾತ್ರೆಯನ್ನಂತೂ ಕೊಡಲೇಬೇಡಿ. ಬೆಕ್ಕಿನ ಪೆಟ್ಟಿಗೆಯ ಮೇಲೆ ತೆಳುವಾದ ಬಟ್ಟೆ ಹೊದಿಸಿ, ಗಾಳಿಯಾಡುವಂತೆ ಬಿಟ್ಟು, ಸೀಟಿನ ಬೆಲ್ಟಿನಿಂದ ಬಿಗಿಯಿರಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ ನಾಯಿಯನ್ನು ಇಳಿಸಿ, ಆದರೆ ಕಾರಿನ ಬಾಗಿಲು ತೆರೆಯುವ ಮೊದಲೇ ಹಗ್ಗ ಒಬ್ಬರ ಕೈಯಲ್ಲಿರಬೇಕು. ಬೆಕ್ಕನ್ನು ದಾರಿಯಲ್ಲಿ ಎಲ್ಲಿಯೂ ಹೊರತೆಗೆಯಬಾರದು. ಊಟಕ್ಕೆ ನಿಂತಾಗ ಪ್ರಾಣಿಗಳನ್ನು ಮುಚ್ಚಿದ ಕಾರಿನಲ್ಲಿ ಬಿಡಬೇಡಿ. ಮೇ ತಿಂಗಳ ಬಿಸಿಲಿನಲ್ಲಿ ಕೆಲವೇ ನಿಮಿಷಗಳಲ್ಲಿ ಒಳಗಿನ ಶಾಖ ಪ್ರಾಣಕ್ಕೆ ಅಪಾಯ ತರುವಷ್ಟಾಗುತ್ತದೆ.

ರೈಲಿನಲ್ಲಿ ಹೋಗುವ ಆಲೋಚನೆಯಿದ್ದವರಿಗೂ ಒಂದು ಮಾತು. ಪ್ರಯಾಣಿಕರ ಜೊತೆಯಲ್ಲಿ ನಾಯಿಗೆ ಅವಕಾಶವಿರುವುದು ಮೊದಲ ದರ್ಜೆಯ ಹವಾನಿಯಂತ್ರಿತ ಬೋಗಿಯಲ್ಲಿ ಮಾತ್ರ, ಅದೂ ಇಡೀ ಕೂಪೆ ಅಥವಾ ಕ್ಯಾಬಿನ್ ನಿಮ್ಮ ಹೆಸರಿಗೆ ಸಿಕ್ಕರೆ. ಇಲ್ಲವಾದರೆ ಗಾರ್ಡಿನ ಬೋಗಿಯಲ್ಲಿರುವ ನಾಯಿಯ ಪೆಟ್ಟಿಗೆಗೆ ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಬೇಕು. ಅದರ ಶಬ್ದ ಮತ್ತು ಸೆಕೆಯನ್ನು ಬಲ್ಲ ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಎರಡನೆಯ ಮತ್ತು ಮೂರನೆಯ ದರ್ಜೆಯ ಎ.ಸಿ., ಸ್ಲೀಪರ್ ಬೋಗಿಗಳಲ್ಲಿ ನಾಯಿಯನ್ನು ಒಯ್ಯುವಂತಿಲ್ಲ.

ಕೊರಳಪಟ್ಟಿಯಲ್ಲಿ ನಿಮ್ಮ ಫೋನ್ ಸಂಖ್ಯೆ ಇರುವ ಬಿಲ್ಲೆಯನ್ನು ಇಂದೇ ಹಾಕಿ. ಕೆಂಚ ಒಮ್ಮೆ ಓಡಿದವನು, ಹೊಸ ಊರಿನಲ್ಲಿ ಮೊದಲ ಎರಡು ವಾರ ಹಗ್ಗವಿಲ್ಲದೆ ಅವನನ್ನು ಅಂಗಳಕ್ಕೂ ಬಿಡಬೇಡಿ. ಜಾಗ ಬದಲಾದ ನಾಯಿ ಗಾಬರಿಯಲ್ಲಿರುತ್ತದೆ, ಎಂದೂ ಗುರುಗುಟ್ಟದ ನಾಯಿಯೂ ಊಟದ ಬಟ್ಟಲಿನ ಹತ್ತಿರ ಮಗು ಬಂದರೆ ಹಲ್ಲು ತೋರಿಸಬಹುದು. ಆ ದಿನಗಳಲ್ಲಿ ಎರಡು ವರ್ಷದ ಮಗುವನ್ನೂ ನಾಯಿಯನ್ನೂ ಒಂದು ನಿಮಿಷವೂ ಅವರಷ್ಟಕ್ಕೇ ಬಿಡಬಾರದು.

ಪುತ್ತೂರಿನ ಅಂಗಳ | ಏಪ್ರಿಲ್ 16

ಅಕ್ಕ, ನಮ್ಮ ಊರಿಗೆ ಬರುತ್ತಿದ್ದೀರಿ, ಸಂತೋಷ. ಪಟ್ಟಣದ ಮಹಡಿ ಮನೆಯಿಂದ ತೋಟದ ಮನೆಗೆ ಬರುವವರಿಗೆ ಹೊಳೆಯದ ಕೆಲವು ಸಂಗತಿಗಳಿವೆ. ಅವುಗಳನ್ನು ಸಾಮಾನು ತರುವ ಮೊದಲೇ, ಸಾಧ್ಯವಾದರೆ ಮನೆಯವರು ಒಮ್ಮೆ ಬಂದು ನೋಡಿ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಎಲ್ಲಕ್ಕಿಂತ ಮೊದಲು ಬಾವಿ. ಕಟ್ಟೆ ಎಷ್ಟು ಎತ್ತರವಿದೆ ನೋಡಿ. ಹಳೆಯ ಮನೆಗಳಲ್ಲಿ ಬಾವಿಕಟ್ಟೆಯ ಪಕ್ಕದಲ್ಲಿಯೇ ಬಟ್ಟೆ ಒಗೆಯುವ ಕಲ್ಲು ಇರುತ್ತದೆ, ಮಗು ಅದರ ಮೇಲೆ ಹತ್ತಿದರೆ ಕಟ್ಟೆ ಅದರ ಸೊಂಟಕ್ಕೆ ಬರುತ್ತದೆ. ಬಾವಿಗೆ ಕಬ್ಬಿಣದ ಜಾಲರಿ ಕೂರಿಸಿ ಬೀಗ ಹಾಕಿಸುವಂತೆ ಮನೆಯ ಮಾಲೀಕರನ್ನು ಕೇಳಿ, ಅವರು ಒಪ್ಪದಿದ್ದರೆ ಆ ಖರ್ಚನ್ನು ನೀವೇ ಹಾಕಿ. ಬೆಂಗಳೂರಿನವರು ಸಂಪಿನ ಮುಚ್ಚಳದ ಬಗ್ಗೆ ಇಡುವ ಎಚ್ಚರವನ್ನೇ ಇಲ್ಲಿ ಬಾವಿ, ತೋಟದ ಕೆರೆ ಮತ್ತು ಗೊಬ್ಬರದ ಗುಂಡಿಗಳ ಬಗ್ಗೆ ಇಡಬೇಕು.

ನೀವು ಬರುವ ಸಮಯವೂ ಮುಖ್ಯ. ಮೇ ಕೊನೆ, ಜೂನ್ ಆರಂಭವೆಂದರೆ ಅಡಿಕೆಗೆ ಕೊಳೆರೋಗ ಬಾರದಂತೆ ಮದ್ದು ಬಿಡುವ, ಅಂದರೆ ಸಿಂಪಡಿಸುವ, ಕಾಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಸೇರಿಸಿ ಡ್ರಮ್ಮಿನಲ್ಲಿ ಕಲಸಿಡುತ್ತಾರೆ. ಆ ತಿಳಿನೀಲಿ ನೀರು ಮಕ್ಕಳ ಕಣ್ಣಿಗೆ ಬಹಳ ಚಂದ. ಮೈಲುತುತ್ತು ಹೊಟ್ಟೆಗೆ ಹೋದರೆ ಮಕ್ಕಳಿಗೂ ನಾಯಿಗೂ ವಿಷ. ಮದ್ದು ಬಿಡುವ ದಿನವನ್ನು ತೋಟದವರಿಂದ ಮೊದಲೇ ಕೇಳಿಕೊಂಡು ಅಂದು ಮಕ್ಕಳನ್ನೂ ಪ್ರಾಣಿಗಳನ್ನೂ ಒಳಗೇ ಇರಿಸಿ, ಅಂಗಳದಲ್ಲಿ ಒಣಗಲು ಹಾಕಿದ ಬಟ್ಟೆಗಳನ್ನು ಎತ್ತಿಕೊಳ್ಳಿ.

ಬೆಕ್ಕನ್ನು ಒಂದು ಕೋಣೆಯಲ್ಲಿ ಕೂಡಿಹಾಕಬೇಕೆಂದು ಮೈಸೂರಿನವರು ಬರೆದಿದ್ದಾರೆ. ಆದರೆ ಹೆಂಚಿನ ಮನೆಯಲ್ಲಿ ಗೋಡೆಯ ತುದಿಗೂ ಮಾಡಿಗೂ (ಛಾವಣಿಗೂ) ನಡುವೆ ಸಂದು ಇರುತ್ತದೆ, ಬಾಗಿಲು ಹಾಕಿದರೂ ಬೆಕ್ಕು ಅಟ್ಟಕ್ಕೆ ಹತ್ತಿ ಅಲ್ಲಿಂದ ಹೊರಗೆ ಹೋಗಬಲ್ಲದು. ಮರದ ಮುಚ್ಚಿಗೆ (ಹಲಗೆಯ ಒಳಛಾವಣಿ) ಇರುವ ಕೋಣೆಯನ್ನೇ ಆರಿಸಿಕೊಳ್ಳಿ. ಮಳೆ ಹಿಡಿದ ಮೇಲೆ ಅಂಗಳದಲ್ಲಿ ಪಾಚಿ ಕಟ್ಟುತ್ತದೆ. ನಾವು ಅಡಿಕೆ ಸೋಗೆಯನ್ನು ಹಾಸಿ ನಡೆಯುತ್ತೇವೆ, ನೀವೂ ಹಾಗೆಯೇ ಮಾಡಿ. ಸೌದೆ, ತೆಂಗಿನ ಸಿಪ್ಪೆಗಳ ರಾಶಿ ಮನೆಯ ಗೋಡೆಗೆ ತಾಗಿಕೊಂಡಿದ್ದರೆ ದೂರ ಹಾಕಿಸಿ, ಹಾವುಗಳು ಅಲ್ಲಿಯೇ ಸೇರಿಕೊಳ್ಳುತ್ತವೆ. ಗಾಳಿಮಳೆಗೆ ಮರ ಬಿದ್ದು ರಾತ್ರಿಯಿಡೀ ಕರೆಂಟು ಇಲ್ಲದಿರುವುದು ಇಲ್ಲಿ ಸಾಮಾನ್ಯ, ಮಕ್ಕಳು ಕತ್ತಲೆಗೆ ಹೆದರದಂತೆ ಚಾರ್ಜಿನ ದೀಪವೊಂದನ್ನು ತನ್ನಿ.

ಶಾಲೆಯ ಮೇಷ್ಟ್ರು | ಏಪ್ರಿಲ್ 17

ಮಗಳ ವರ್ಗಾವಣೆ ಪತ್ರದ ವಿಷಯವನ್ನು ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಸೆಕ್ಷನ್ನಿನಂತೆ, ಬೇರೆ ಶಾಲೆಗೆ ಸೇರಲು ವರ್ಗಾವಣೆ ಪತ್ರ ಕೇಳಿದರೆ ಮುಖ್ಯೋಪಾಧ್ಯಾಯರು ಅದನ್ನು ಕೂಡಲೇ ಕೊಡಬೇಕು. ಪತ್ರ ತಡವಾಯಿತೆಂಬ ಕಾರಣಕ್ಕೆ ಹೊಸ ಸರಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಆದರೂ ರಜೆಯಲ್ಲಿ ಕಚೇರಿಯವರು ಸಿಗುವುದು ಕಷ್ಟವಾದ್ದರಿಂದ ಈ ತಿಂಗಳೊಳಗೆ ಕೇಳಿ ಪಡೆಯಿರಿ, ಮಗಳ ಎಸ್‌ಎಟಿಎಸ್ ಸಂಖ್ಯೆಯನ್ನೂ (ಶಾಲಾ ದಾಖಲೆಯಲ್ಲಿನ ವಿದ್ಯಾರ್ಥಿಯ ಗುರುತಿನ ಸಂಖ್ಯೆ) ಬರೆದುಕೊಳ್ಳಿ. ಮಗನಿಗೆ 16ರಿಂದ 24 ತಿಂಗಳ ನಡುವೆ ದಡಾರ-ರುಬೆಲ್ಲಾದ ಎರಡನೆಯ ಡೋಸು ಮತ್ತು ಡಿಪಿಟಿ ಬೂಸ್ಟರ್ ಬೀಳಬೇಕು. ಮನೆ ಬದಲಿಸುವ ಗಡಿಬಿಡಿಯಲ್ಲಿ ತಪ್ಪಿಹೋಗುವುದು ಇಂಥವೇ. ಲಸಿಕೆಗಳ ದಾಖಲೆಯಿರುವ ‘ತಾಯಿ ಕಾರ್ಡ’ನ್ನು ಲಾರಿಯ ಡಬ್ಬಕ್ಕೆ ಹಾಕದೆ ಕೈಚೀಲದಲ್ಲಿಟ್ಟುಕೊಳ್ಳಿ, ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾದರೂ ಅದನ್ನು ತೋರಿಸಿ ಲಸಿಕೆ ಹಾಕಿಸಬಹುದು.

ನುಸಿಗುಳಿಗೆ ಬೇಡ | ಏಪ್ರಿಲ್ 17

ಬಟ್ಟೆಯ ಡಬ್ಬಗಳಿಗೆ ನುಸಿಗುಳಿಗೆ ಹಾಕಬೇಡಿ ಎಂದಷ್ಟೇ ಹೇಳಲು ಬಂದೆ. ಡಬ್ಬ ಬಿಚ್ಚುವಾಗ ಅವು ನೆಲಕ್ಕೆ ಉರುಳುತ್ತವೆ, ಮಗು ಪೆಪ್ಪರಮಿಂಟು ಎಂದುಕೊಂಡು ಬಾಯಿಗೆ ಹಾಕುತ್ತದೆ. ನಮ್ಮ ಅಕ್ಕನ ಮಗು ಹಾಗೆ ಮಾಡಿ ಎರಡು ದಿನ ಆಸ್ಪತ್ರೆಯಲ್ಲಿತ್ತು. ಹೊಸ ಮನೆಗೆ ಹೋದೊಡನೆ ಸಾಮಾನು ಇಳಿಸುವ ಮೊದಲು ಮಂಡಿಯೂರಿ ಎಲ್ಲ ಮೂಲೆಗಳನ್ನೂ ನೋಡಿ. ಹಿಂದಿನ ಬಾಡಿಗೆಯವರು ಇಟ್ಟ ಇಲಿಪಾಷಾಣ, ಜಿರಲೆ ಕೊಲ್ಲುವ ಸೀಮೆಸುಣ್ಣದಿಂದ ಗೀರಿದ ಗುರುತು, ಮೊಳೆ, ಬ್ಲೇಡು ಎಲ್ಲವೂ ಅಲ್ಲಿಯೇ ಇರುತ್ತವೆ. ಬೀರುವನ್ನು ನಿಲ್ಲಿಸಿದ ದಿನವೇ ಗೋಡೆಗೆ ಬಿಗಿಯಿರಿ.

ಐದನೆಯ ಮಹಡಿ | ಏಪ್ರಿಲ್ 19

ಇದೇ ವಿಷಯಕ್ಕೆ ಸಂಬಂಧಿಸಿದ ಪ್ರಶ್ನೆ. ನಾವು ಬೆಂಗಳೂರಿನಲ್ಲೇ ಒಂದು ಅಪಾರ್ಟ್‌ಮೆಂಟಿಗೆ ಹೋಗುತ್ತಿದ್ದೇವೆ. ನಾಯಿ ಸಾಕುವಂತಿಲ್ಲ, ಲಿಫ್ಟಿನಲ್ಲಿ ತರುವಂತಿಲ್ಲ ಎಂದು ಅಲ್ಲಿನ ಸಂಘದವರು ಹೇಳುತ್ತಿದ್ದಾರೆ. ಏನು ಮಾಡಬಹುದು?

ಹಾಸನದ ಪಶುವೈದ್ಯ | ಏಪ್ರಿಲ್ 19

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಬಹುಮತದ ನಿರ್ಣಯದಿಂದಲೂ ನಿವಾಸಿಗಳ ಸಂಘ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ, ಲಿಫ್ಟನ್ನು ನಿರಾಕರಿಸುವಂತಿಲ್ಲ ಎಂದು ಸ್ಪಷ್ಟವಾಗಿದೆ. ಅದರ ಪ್ರತಿಯನ್ನು ಸೌಜನ್ಯದಿಂದ ಕೊಡಿ. ಲಸಿಕೆಯ ಪುಸ್ತಕವನ್ನೂ ತೋರಿಸಿ, ನಾಯಿ ಮಾಡಿದ ಗಲೀಜನ್ನು ನಾವೇ ತೆಗೆಯುತ್ತೇವೆಂದು ಮೊದಲ ದಿನವೇ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ತುಂಬಿದ ಮನೆ | ಜೂನ್ 5

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಾವು ಮೇ 21ರಂದು ಇಲ್ಲಿಗೆ ಬಂದೆವು, ಮರುದಿನ ಬೆಳಿಗ್ಗೆ ಹಾಲುಕ್ಕಿಸಿದೆವು. ನೀವು ಹೇಳಿದ್ದರಲ್ಲಿ ಬಹುಪಾಲನ್ನು ಮಾಡಿದ್ದೇವೆ.

ಲಾರಿ ತುಂಬಿದ ದಿನ ಕೆಂಚ ಖಾಲಿ ಕೋಣೆಯಲ್ಲಿದ್ದ, ಚಿನ್ನಿ ಬಚ್ಚಲುಮನೆಯಲ್ಲಿ. ಹಮಾಲಿಯೊಬ್ಬರು ಚೀಟಿಯನ್ನು ಓದಿ ನಕ್ಕು, ಉಳಿದವರಿಗೂ ಹೇಳಿದರು. ಮಗಳು ಕೊನೆಗೆ ಕೋಣೆಗಳನ್ನೆಲ್ಲ ಸುತ್ತಿ ಬಂದಳು. ತನ್ನ ಎತ್ತರವನ್ನು ಪೆನ್ಸಿಲಿನಲ್ಲಿ ಗುರುತು ಮಾಡುತ್ತಿದ್ದ ಬಾಗಿಲ ಚೌಕಟ್ಟಿನ ಮುಂದೆ ನಿಂತು, ಇದನ್ನು ಹೇಗೆ ಒಯ್ಯುವುದು ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ನಮ್ಮವರು ಒಂದು ಉದ್ದನೆಯ ದಾರವನ್ನು ಚೌಕಟ್ಟಿಗೆ ಹಿಡಿದು, ಪ್ರತಿ ಗುರುತಿನ ಎತ್ತರಕ್ಕೂ ಒಂದೊಂದು ಗಂಟು ಹಾಕಿ ಅವಳ ಕೈಗೆ ಕೊಟ್ಟರು. ಇಲ್ಲಿಗೆ ಬಂದ ಸಂಜೆಯೇ ಅವಳು ಅಡುಗೆಮನೆಯ ಬಾಗಿಲಿಗೆ ಆ ದಾರವನ್ನು ಹಿಡಿಸಿ ಗಂಟುಗಳ ಎತ್ತರಕ್ಕೆ ಗೆರೆ ಎಳೆದಳು. ಏಳೂರಿನ ನೀರು ಅಣ್ಣ, ಅವಳು ಒಂದು ದಿನವೂ ವಾಪಸ್ಸು ಹೋಗೋಣವೆಂದು ಕೇಳಿಲ್ಲ.

ಘಾಟಿಯಲ್ಲಿ ಮಗ ಒಮ್ಮೆ ವಾಂತಿ ಮಾಡಿಕೊಂಡ, ಕೆಂಚನಿಗೆ ಏನೂ ಆಗಲಿಲ್ಲ. ಗುಂಡ್ಯದಲ್ಲಿ ನಿಲ್ಲಿಸಿದಾಗ ಹಗ್ಗ ಕೈಯಲ್ಲಿದ್ದದ್ದು ಒಳ್ಳೆಯದಾಯಿತು. ಲಾರಿಯೊಂದರ ಹಾರ್ನಿಗೆ ಬೆಚ್ಚಿ ಅವನು ಜಗ್ಗಿದ ರಭಸಕ್ಕೆ ನನ್ನ ಅಂಗೈ ಕೆಂಪಾಗಿತ್ತು. ಬಾವಿಗೆ ಜಾಲರಿ ಹಾಕಿಸಲು ಮನೆಯ ಮಾಲೀಕರು ಅರ್ಧ ಖರ್ಚು ಕೊಟ್ಟರು. ಪುತ್ತೂರಿನ ಅಂಗಳದವರೇ, ನೀವು ಬರೆದಂತೆಯೇ ಮೊನ್ನೆ ತೋಟಕ್ಕೆ ಮದ್ದು ಬಿಟ್ಟರು. ಮಗ ಕಿಟಕಿಯಿಂದಲೇ ನೀಲಿ ಡ್ರಮ್ಮನ್ನು ನೋಡಿ ಕೈ ಚಾಚುತ್ತಿದ್ದ. ನೀವು ಹೇಳದಿದ್ದರೆ ನಾನು ಅದನ್ನು ನೀರೆಂದೇ ತಿಳಿದುಕೊಳ್ಳುತ್ತಿದ್ದೆ. ಮಗನ ಲಸಿಕೆಯೂ ಆಯಿತು.

ಒಂದೇ ಚಿಂತೆ ಉಳಿದಿದೆ. ಚಿನ್ನಿ ಮೂರು ದಿನ ಮಂಚದ ಕೆಳಗಿನಿಂದ ಬರಲಿಲ್ಲ, ರಾತ್ರಿ ಮಾತ್ರ ಊಟ ಮುಟ್ಟುತ್ತಿದ್ದಳು. ಈಗ ಮನೆಯೊಳಗೆಲ್ಲ ಓಡಾಡುತ್ತಾಳೆ, ಬಾಗಿಲ ಹತ್ತಿರ ಕುಳಿತು ಮಳೆಯನ್ನು ನೋಡುತ್ತಾಳೆ. ಹದಿನೈದು ದಿನಗಳಾಗಿವೆ. ಹೊರಗೆ ಬಿಡಬಹುದೇ?

ಬಿಳಿ ಬೆಕ್ಕು, ಮೈಸೂರು | ಜೂನ್ 5

ಇನ್ನೂ ಒಂದು ವಾರ ತಡೆಯಿರಿ. ಆಮೇಲೆ ಮಳೆ ಬಿಟ್ಟಿರುವ ಬೆಳಗ್ಗೆ, ಊಟ ಹಾಕುವ ಮೊದಲು, ಹಸಿದಿರುವಾಗಲೇ ಬಾಗಿಲು ತೆರೆದು ನೀವೂ ಜಗಲಿಯಲ್ಲಿ ಕುಳಿತುಕೊಳ್ಳಿ. ಕೆಂಚನನ್ನು ಆಗ ಒಳಗೆ ಕಟ್ಟಿಹಾಕಿರಿ. ಹತ್ತು ನಿಮಿಷದ ನಂತರ ತಟ್ಟೆಯನ್ನು ಬಡಿದು ಕರೆಯಿರಿ, ಬಂದೊಡನೆ ಊಟ ಕೊಟ್ಟು ಬಾಗಿಲು ಹಾಕಿ. ಮರುದಿನ ಇಪ್ಪತ್ತು ನಿಮಿಷ.

ತುಂಬಿದ ಮನೆ | ಜೂನ್ 14

ಇಂದು ಬೆಳಿಗ್ಗೆ ಬಿಟ್ಟೆವು. ಸೋಗೆಯ ಮೇಲೆ ನಾಲ್ಕು ಹೆಜ್ಜೆ ಇಟ್ಟು, ಒದ್ದೆಯಾದ ಕಾಲನ್ನು ಎತ್ತಿ ಕೊಡವಿ, ತಟ್ಟೆಯ ಸದ್ದಿಗೆ ಮೊದಲೇ ಒಳಗೆ ಬಂದಳು.